ವರ್ತನೆ ಮನೆ ನಮ್ಮ ಕೈಲೇ ಇರಲಿ: ಹೂವಿನ ವ್ಯಾಪಾರ ಮಾಡುವ ತಾಯಂದಿರಿಗೆ



ನಮ್ಮ ಸ್ವಸಹಾಯ ಸಂಘಗಳಲ್ಲಿ ಹೂ ಕಟ್ಟಿ ಮಾರುವವರು ಬಹಳ ಜನ ಇದ್ದಾರೆ. ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ಕೂರುವವರು, ಮಲ್ಲೇಶ್ವರದ 8ನೇ ಕ್ರಾಸಿನಲ್ಲಿ ಬುಟ್ಟಿ ಇಡುವವರು, ಚಾಮರಾಜಪೇಟೆಯ ಮನೆ ಮನೆಗೆ ಬೆಳಿಗ್ಗೆ ಹೂ ಹಾಕಿ ಬರುವವರು. ಇತ್ತೀಚೆಗೆ ಸಭೆಗಳಲ್ಲಿ ಇವರೆಲ್ಲ ಹೇಳುವ ಮಾತು ಒಂದೇ: "ಮೊದಲಿನ ಹಾಗೆ ವ್ಯಾಪಾರ ಇಲ್ಲ. ವರ್ತನೆ ಮನೆಗಳು ಒಂದೊಂದಾಗಿ ಬಿಟ್ಟು ಹೋಗ್ತಾ ಇವೆ. ಫೋನಿನಲ್ಲೇ ಹೂ ತರಿಸ್ಕೋತಾರೆ."

ಈ ಮಾತು ನಿಜ. ಆದರೆ ದೊಡ್ಡ ಕಂಪನಿ ಬಂತು, ನಮ್ಮ ಕಥೆ ಮುಗೀತು ಅಂತ ಕೈ ಚೆಲ್ಲಿ ಕೂರಬೇಕಾಗಿಲ್ಲ. ಕಂಪನಿಯವರು ನಿಜವಾಗಿ ಏನು ಮಾರುತ್ತಿದ್ದಾರೆ, ನಮ್ಮ ಹತ್ತಿರ ಏನಿದೆ, ಸಂಘವಾಗಿ ಏನು ಮಾಡಬಹುದು ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ.

ವರ್ತನೆ ಎಂದರೆ ಏನು?

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಮೇಲೆ ಪೇಟೆಯ ಇಕ್ಕಟ್ಟಿನಿಂದ ಜನ ಬಸವನಗುಡಿ, ಮಲ್ಲೇಶ್ವರದ ಹೊಸ ಬಡಾವಣೆಗಳಿಗೆ ಬಂದರು. ಮನೆ ಬಂದ ಕಡೆ ದೇವರ ಗೂಡೂ ಬಂತು, ಹೂವೂ ಬಂತು. ಹಾಲಿನವರು, ಹೂವಿನವರು ದಿನಾ ತಪ್ಪದೆ ಒಂದೇ ಮನೆಗೆ ಕೊಟ್ಟು, ತಿಂಗಳ ಕೊನೆಗೆ ಲೆಕ್ಕ ಮಾಡಿ ಹಣ ಪಡೆಯುವ ಪದ್ಧತಿಗೆ ವರ್ತನೆ ಅಂತಾರೆ. "ನಮ್ಮ ವರ್ತನೆ ಹೂವಿನವಳು" ಅಂದರೆ ಆ ಮನೆಯವರಿಗೆ ಅವಳು ಗುರುತು, ನಂಬಿಕೆ, ಅರ್ಧ ನೆಂಟಸ್ತಿಕೆ.

ಈ ವರ್ತನೆಯಿಂದ ನಮಗೆ ಸಿಗುವ ದೊಡ್ಡ ಲಾಭ ಯಾವುದು ಗೊತ್ತೇ? ನಾಳೆ ಎಷ್ಟು ಹೂ ಬೇಕು ಅಂತ ಇವತ್ತೇ ತಿಳಿದಿರುವುದು. ಉದಾಹರಣೆಗೆ 20 ಮನೆಗೆ ದಿನಾ 30 ರೂಪಾಯಿ ಹೂ ಕೊಡುತ್ತೀರಿ ಅಂದುಕೊಳ್ಳಿ. ದಿನಕ್ಕೆ 600, ತಿಂಗಳಿಗೆ 18,000 ರೂಪಾಯಿ ವ್ಯಾಪಾರ ಖಾತ್ರಿ. ಮಳೆ ಬರಲಿ, ಬಂದ್ ಆಗಲಿ, ಆ ಹೂ ಬುಟ್ಟಿಯಲ್ಲಿ ಉಳಿದು ಬಾಡುವುದಿಲ್ಲ. ಬೀದಿಯಲ್ಲಿ ಕೂತು ಮಾರುವಾಗ 1,500 ರೂಪಾಯಿ ಹೂ ತಂದು ಐದರಲ್ಲಿ ಒಂದು ಪಾಲು ಉಳಿದರೆ 300 ರೂಪಾಯಿ ಕಸಕ್ಕೆ ಹೋದ ಹಾಗೆ. ಹೂವಿನ ವ್ಯಾಪಾರದಲ್ಲಿ ನಷ್ಟ ಬರುವುದು ಬೆಲೆಯಿಂದ ಕಡಿಮೆ, ಉಳಿಕೆಯಿಂದ ಹೆಚ್ಚು.

ಕಂಪನಿಗಳು ಮಾಡುತ್ತಿರುವುದೂ ಇದನ್ನೇ

2011ರಲ್ಲಿ ಬೆಂಗಳೂರಿನಲ್ಲಿ ಬಿಗ್‌ಬಾಸ್ಕೆಟ್ ಶುರುವಾಯಿತು. ಮೊದಮೊದಲು ದಿನಸಿ, ತರಕಾರಿ ಅಷ್ಟೇ ಅಂದುಕೊಂಡೆವು. ಆಮೇಲೆ ಹಾಲಿನ ಜೊತೆಗೇ ಪೂಜೆ ಹೂವಿನ ಪೊಟ್ಟಣವೂ ಆಪ್‌ಗಳಲ್ಲಿ ಸಿಗತೊಡಗಿತು. 2019ರಲ್ಲಿ ನಮ್ಮ ಬೆಂಗಳೂರಿನಲ್ಲೇ ಯಶೋದಾ ಮತ್ತು ರಿಯಾ ಕರುತುರಿ ಎಂಬ ಅಕ್ಕತಂಗಿಯರು 'ಹೂವು' ಎಂಬ ಹೆಸರಿನ ಕಂಪನಿ ಆರಂಭಿಸಿದರು. ಬಿಡಿ ಹೂ, ಪತ್ರೆ ಎಲ್ಲವನ್ನೂ ಶುಚಿಯಾಗಿ ಪೊಟ್ಟಣ ಮಾಡಿ, ಚಂದಾ ಕಟ್ಟಿದವರ ಮನೆಗೆ ತಲುಪಿಸುವುದು ಅವರ ಕೆಲಸ. ಬೊಕೆ, ಉಡುಗೊರೆ ಕಡೆ ನೋಡಿದರೆ 1994ರಲ್ಲಿ ದೆಹಲಿಯಲ್ಲಿ ಹುಟ್ಟಿದ ಫರ್ನ್ಸ್ ಎನ್ ಪೆಟಲ್ಸ್ ಊರೂರಿಗೂ ಬಂದಿದೆ.

ಸ್ವಲ್ಪ ಯೋಚಿಸಿ. ತಿಂಗಳ ಚಂದಾ, ದಿನಾ ಬೆಳಿಗ್ಗೆ ಬಾಗಿಲಿಗೆ ಹೂ, ಹಬ್ಬಕ್ಕೆ ಹೆಚ್ಚು ಹೂ, ಊರಿಗೆ ಹೋದರೆ "ನಾಳೆಯಿಂದ ನಾಲ್ಕು ದಿನ ಬೇಡ" ಅನ್ನುವ ಅನುಕೂಲ. ಇದು ಏನು? ನಮ್ಮ ಹಳೇ ವರ್ತನೆಯೇ! ಅವರು ಹೊಸದಾಗಿ ತಂದದ್ದು ಮೂರು: ಫೋನಿನಲ್ಲಿ ಹೇಳುವ ಸೌಲಭ್ಯ, ಒಂದೇ ಅಳತೆಯ ಶುಚಿಯಾದ ಪೊಟ್ಟಣ, ಮೊದಲೇ ಗೊತ್ತಿರುವ ಬೆಲೆ. ಈ ಮೂರೂ ನಮ್ಮಿಂದ ಆಗದ ಕೆಲಸಗಳಲ್ಲ.

ತಂತಿ ಹೂವಿನ ಕಥೆ

ಇಲ್ಲಿ ದೂರದ ಒಂದು ಕಥೆ ಹೇಳಬೇಕು. ಅದರಲ್ಲಿ ನಮಗೆ ದೊಡ್ಡ ಪಾಠ ಇದೆ.

1910ರಲ್ಲಿ ಅಮೆರಿಕದ 15 ಹೂವಿನ ಅಂಗಡಿಯವರು ಸೇರಿ ಒಂದು ಸಂಘ ಮಾಡಿಕೊಂಡರು. ಆಗ ಬೇರೆ ಊರಿನ ನೆಂಟರಿಗೆ ಹೂ ಕಳಿಸಬೇಕಾದರೆ ರೈಲಿನಲ್ಲಿ ಹೋಗುವಷ್ಟರಲ್ಲಿ ಬಾಡುತ್ತಿತ್ತು. ಅದಕ್ಕೆ ಇವರು ಹೂವನ್ನು ಕಳಿಸುವ ಬದಲು ಆರ್ಡರನ್ನು ತಂತಿ, ಅಂದರೆ ಟೆಲಿಗ್ರಾಮ್ ಮೂಲಕ ಕಳಿಸಿದರು. ಆ ಊರಿನ ಅಂಗಡಿಯವನು ಹೂ ಕಟ್ಟಿ ಮನೆಗೆ ಮುಟ್ಟಿಸುತ್ತಿದ್ದ. ಸಂಘದ ಹೆಸರು ಎಫ್.ಟಿ.ಡಿ. 1923ರಲ್ಲಿ ಇಂಗ್ಲೆಂಡಿನಲ್ಲೂ ಇಂಥದೇ ಸೇವೆ ಶುರುವಾಗಿ, ಮುಂದೆ ಇಂಟರ್‌ಫ್ಲೋರಾ ಎಂದು ಹೆಸರಾಯಿತು.

ಹಣದ ಹಂಚಿಕೆ ರೂಢಿಯಲ್ಲಿ ಹೀಗಿತ್ತು. ಗಿರಾಕಿ 1,000 ಕೊಟ್ಟರೆ ಆರ್ಡರು ಹಿಡಿದ ಅಂಗಡಿಗೆ ಸುಮಾರು 200, ಲೆಕ್ಕ ನೋಡಿಕೊಳ್ಳುವ ಸಂಘಕ್ಕೆ ಸುಮಾರು 70, ಹೂ ಕಟ್ಟಿ ಮುಟ್ಟಿಸಿದವರಿಗೆ ಉಳಿದ 730. ಎಲ್ಲರೂ ಅಂಗಡಿಯವರೇ ಆದ್ದರಿಂದ ಇವತ್ತು ಆರ್ಡರು ಕಳಿಸಿದವರು ನಾಳೆ ಆರ್ಡರು ಪಡೆಯುತ್ತಿದ್ದರು. ಕೊಡು-ಕೊಳ್ಳುವಿಕೆ ಸರಿಸಮ ಇತ್ತು.

ಆದರೆ 1994ರಲ್ಲಿ ಎಫ್.ಟಿ.ಡಿ.ಯನ್ನು ಬಂಡವಾಳ ಹೂಡುವ ಒಂದು ಸಂಸ್ಥೆ ಕೊಂಡುಕೊಂಡಿತು. ಹೂವಿನವರ ಸಂಘ ಹೂವಿನವರ ಕೈ ಬಿಟ್ಟು ಕಂಪನಿ ಆಯಿತು. ಆಮೇಲೆ ಇಂಟರ್‌ನೆಟ್ ಬಂತು. ಒಂದು ಬುಟ್ಟಿ ಹೂವೂ ಇಲ್ಲದ, ಅಂಗಡಿಯೇ ಇಲ್ಲದ ಕಂಪನಿಗಳು ಆರ್ಡರು ಹಿಡಿಯತೊಡಗಿದವು. ಕಮಿಷನ್ ಅವರಿಗೆ, ಮೇಲೆ ಸೇವಾ ಶುಲ್ಕವೂ ಅವರಿಗೆ. ಉಳಿದ ಹಣದಲ್ಲೇ ಹೂ, ಕೂಲಿ, ಡಬ್ಬಿ, ಸಾಗಾಟ ಎಲ್ಲ ಅಂಗಡಿಯವರ ತಲೆ ಮೇಲೆ. ಹೂ ಚೆನ್ನಾಗಿದ್ದರೆ ಹೆಸರು ಕಂಪನಿಗೆ, ಬಾಡಿದ್ದರೆ ಬೈಗುಳ ಅಂಗಡಿಗೆ. ಎಲ್ಲಕ್ಕಿಂತ ಮುಖ್ಯ, ಗಿರಾಕಿ ಯಾರು ಅಂತ ಅಂಗಡಿಯವರಿಗೆ ಗೊತ್ತಿಲ್ಲ, ಹೂ ಕಟ್ಟಿದವರು ಯಾರು ಅಂತ ಗಿರಾಕಿಗೂ ಗೊತ್ತಿಲ್ಲ. ಕೊನೆಗೆ 2019ರಲ್ಲಿ ಎಫ್.ಟಿ.ಡಿ. ಕಂಪನಿಯೇ ದಿವಾಳಿ ಅರ್ಜಿ ಹಾಕಿತು.

ನೋಡಿದಿರಾ? ಆ ಅಂಗಡಿಯವರು ಕಳಕೊಂಡದ್ದು ಹೂವನ್ನಲ್ಲ, ಕೈಕಸುಬನ್ನೂ ಅಲ್ಲ. ಗಿರಾಕಿಯನ್ನು ಕಳಕೊಂಡರು, ಸಂಘವನ್ನು ಕಳಕೊಂಡರು. ನಾವು ಕಾಪಾಡಬೇಕಾದದ್ದೂ ಈ ಎರಡನ್ನೇ.

ನಮ್ಮ ಬಲ ಎಲ್ಲಿದೆ?

ಒಂದು, ಕಟ್ಟಿದ ಹೂ. ಬಿಡಿ ಹೂವನ್ನು ಪೊಟ್ಟಣ ಮಾಡುವುದು ಸುಲಭ. ಒತ್ತಾಗಿ, ಸಮನಾಗಿ, ದಾರ ಕಾಣದ ಹಾಗೆ ಮೊಳಗಟ್ಟಲೆ ಕಟ್ಟುವುದಕ್ಕೆ ಕೈ ಪಳಗಬೇಕು. ಮಲ್ಲಿಗೆ, ಕನಕಾಂಬರ, ಮರುಗ ಸೇರಿಸಿ ಕಟ್ಟಿದ ದಂಡೆಗೆ ಇವತ್ತಿಗೂ ಬೇಡಿಕೆ ಇದೆ.

ಎರಡು, ಸಮಯ. ಮಲ್ಲಿಗೆ ಮೊಗ್ಗು ಬೆಳಿಗ್ಗೆ ಕಿತ್ತರೆ ಸಂಜೆಗೆ ಅರಳುತ್ತೆ. ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿನಲ್ಲಿ ತಂದ ಹೂವನ್ನು 7 ಗಂಟೆಗೆ ಬಸವನಗುಡಿಯ ಮನೆಗೆ ಮುಟ್ಟಿಸುವುದು ನಮಗೆ ಕಷ್ಟವಲ್ಲ. ಗೋಡೌನಿನಲ್ಲಿ ಇಟ್ಟು, ಪೊಟ್ಟಣ ಕಟ್ಟಿ, ಗಾಡಿ ಹತ್ತಿಸುವ ಹೊತ್ತು ನಮಗೆ ಬೇಡ.

ಮೂರು, ಗುರುತು. ಯಾವ ಮನೆಯಲ್ಲಿ ಸೋಮವಾರ ಬಿಲ್ವಪತ್ರೆ ಬೇಕು, ಯಾವ ಮನೆಯ ಅಜ್ಜಿಗೆ ಸಂಪಿಗೆ ಇಷ್ಟ, ಯಾರ ಮನೆಯಲ್ಲಿ ಮಗಳ ಮದುವೆ ಗೊತ್ತಾಗಿದೆ, ಇದೆಲ್ಲ ನಮಗೆ ತಿಳಿದಿದೆ. "ಏನಮ್ಮಾ, ನಾಳೆ ಗರಿಕೆ ಜಾಸ್ತಿ ಹಾಕ್ಲಾ, ಸಂಕಷ್ಟಿ ಅಲ್ವಾ?" ಅಂತ ಮುಖ ನೋಡಿ ಕೇಳುವವರು ನಾವೇ.

ನಮ್ಮ ದುರ್ಬಲ ಜಾಗಗಳು

ಬಲ ಹೇಳಿದ ಮೇಲೆ ಕೊರತೆಯನ್ನೂ ಹೇಳಬೇಕು. ಬೆಲೆ ಮನೆಗೊಂದು, ದಿನಕ್ಕೊಂದು ಅಂತ ಗಿರಾಕಿಗಳ ದೂರು ಇದೆ. ಹಬ್ಬದ ದಿನ ವರ್ತನೆ ಮನೆ ಬಿಟ್ಟು ಹೆಚ್ಚು ಬೆಲೆ ಸಿಗುವ ಕಡೆ ಕೂರುತ್ತಾರೆ ಅನ್ನುತ್ತಾರೆ. ಎರಡು ದಿನ ಜ್ವರ ಬಂದರೆ ಹೇಳಿ ಕಳಿಸುವವರಿಲ್ಲ, ಆ ಮನೆಗೆ ಹೂವೂ ಇಲ್ಲ. ಗಿರಾಕಿ ಆಪ್ ಕಡೆ ತಿರುಗುವುದು ಇಂಥ ದಿನವೇ. ಒಬ್ಬಳೇ ಆದರೆ ಇದಕ್ಕೆ ಪರಿಹಾರ ಇಲ್ಲ, ಸಂಘ ಇದ್ದರೆ ಇದೆ.

ಸಂಘವಾಗಿ ಏನು ಮಾಡಬಹುದು?

1. ಒಟ್ಟಿಗೆ ಖರೀದಿ ಮಾಡಿ. ಐದು ಜನ ಬೇರೆ ಬೇರೆ ಆಟೋದಲ್ಲಿ ಮಾರ್ಕೆಟ್ಟಿಗೆ ಹೋಗಿ ತಲಾ 150 ಕೊಟ್ಟರೆ ದಿನಕ್ಕೆ 750 ಆಯಿತು. ಇಬ್ಬರು ಹೋಗಿ ಐವರ ಹೂವನ್ನೂ ಒಂದೇ ಗಾಡಿಯಲ್ಲಿ 300ಕ್ಕೆ ತಂದರೆ ದಿನಕ್ಕೆ 450 ಉಳಿಯಿತು. ತಿಂಗಳಿಗೆ 25 ದಿನ ಅಂದರೂ 11,250 ರೂಪಾಯಿ. ಹೋಗುವ ಸರದಿ ಹಾಕಿಕೊಳ್ಳಿ, ಉಳಿದವರಿಗೆ ಆ ದಿನ ನಿದ್ದೆಯಾದರೂ ಸಿಗುತ್ತೆ. ಒಟ್ಟಿಗೆ ಹೆಚ್ಚು ಕಿಲೋ ಕೊಂಡರೆ ಮಂಡಿಯವರ ಹತ್ತಿರ ಚೌಕಾಸಿಗೂ ಬಲ ಬರುತ್ತೆ.

2. ವರ್ತನೆ ಪುಸ್ತಕ ಇಡಿ. ಮನೆ, ಬೇಕಾದ ಹೂ, ಎಷ್ಟು ಮೊಳ, ವಿಶೇಷ ದಿನ, ಬಾಕಿ ಇವು ಐದು ಕಲಂ ಸಾಕು. ಒಬ್ಬರಿಗೆ ಹುಷಾರಿಲ್ಲದಿದ್ದರೆ ಇನ್ನೊಬ್ಬರು ಪುಸ್ತಕ ನೋಡಿ ಹೂ ಹಾಕಲಿ. ಆದರೆ ಆ ಮನೆ ಯಾರ ವರ್ತನೆಯೋ ಅವರದೇ. ಬದಲಿಗೆ ಹೋದವರು ಗಿರಾಕಿಯನ್ನು ಎಳಕೊಳ್ಳಬಾರದು ಅಂತ ಸಂಘದಲ್ಲಿ ನಿರ್ಣಯ ಬರೆದು ಸಹಿ ಹಾಕಿ.

3. ಒಂದೇ ಬೆಲೆ ಹೇಳಿ. ಇದಕ್ಕೆ ಉಡುಪಿ ಕಡೆಯ ಶಂಕರಪುರ ಮಲ್ಲಿಗೆ ಒಳ್ಳೆಯ ಉದಾಹರಣೆ. ಅಲ್ಲಿ ಅನೇಕ ಕ್ರೈಸ್ತ ಕುಟುಂಬಗಳು ಸೇರಿದಂತೆ ಮನೆ ಮನೆಯಲ್ಲೂ ಮಲ್ಲಿಗೆ ಬೆಳೆದು, ಹೆಂಗಸರೇ ಬಾಳೆನಾರಿನಲ್ಲಿ ಕಟ್ಟುತ್ತಾರೆ. ಅಳತೆ ಕಟ್ಟುನಿಟ್ಟು: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಪ್ರತಿ ದಿನ ಅಟ್ಟೆಗೆ ಇಷ್ಟು ಅಂತ ಒಂದೇ ದರ ಗೊತ್ತಾಗುತ್ತೆ. ಹೀಗಾಗಿ ಮೋಸದ ಮಾತೇ ಇಲ್ಲ. ನಮ್ಮಲ್ಲಿ ಮೊಳ ಅಳೆಯುವುದು ಒಬ್ಬೊಬ್ಬರ ಕೈ ಉದ್ದದ ಹಾಗೆ. ಸಂಘದವರೆಲ್ಲ ಒಂದೇ ಉದ್ದದ ಕೋಲು ಇಟ್ಟುಕೊಂಡು, ಒಂದೇ ದರದಲ್ಲಿ ಕೊಟ್ಟರೆ ಗಿರಾಕಿಗೆ ನಂಬಿಕೆ ಬರುತ್ತೆ. ವರ್ತನೆ ಮನೆಗೆ ತಿಂಗಳ ಬೆಲೆ ಮೊದಲೇ ಹೇಳಿ. ವರಮಹಾಲಕ್ಷ್ಮಿ ಹಬ್ಬದಂಥ ದಿನ ಕನಕಾಂಬರ ಕಿಲೋ ಸಾವಿರ ದಾಟುತ್ತೆ, ಅಂಥ ದಿನಕ್ಕೆ ಇಷ್ಟು ಹೆಚ್ಚು ಅಂತ ಮುಂಚೆಯೇ ತಿಳಿಸಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

4. ಹೂ ಬಾಳುವಂತೆ ನೋಡಿಕೊಳ್ಳಿ. ಹೂವಿನ ಬುಟ್ಟಿ ಪಕ್ಕ ಬಾಳೆಹಣ್ಣು, ಮಾವಿನಹಣ್ಣು ಇಡಬೇಡಿ. ಹಣ್ಣಾಗುವಾಗ ಎಥಿಲೀನ್ ಎಂಬ ಗಾಳಿ ಹೊರಡುತ್ತೆ, ಅದರಿಂದ ಹೂ ಬೇಗ ಬಾಡುತ್ತೆ, ಉದುರುತ್ತೆ. ಒದ್ದೆ ಬಟ್ಟೆ, ಬಾಳೆಎಲೆಯಲ್ಲಿ ಸುತ್ತಿ, ಬಿಸಿಲು ತಾಗದ ಕಡೆ ಇಡಿ. ನೀರು ಸುರಿದು ನೆನೆಸಿದರೆ ಹೂ ಕೊಳೆಯುತ್ತೆ, ಚಿಮುಕಿಸಿದರೆ ಸಾಕು. ಕೊಡುವಾಗ ಎಲೆಯಲ್ಲೋ ಕಾಗದದ ಚೀಲದಲ್ಲೋ ಕೊಡಿ.

5. ಫೋನು ಬಳಸಿ. ವರ್ತನೆ ಮನೆಯವರದೆಲ್ಲ ಒಂದು ವಾಟ್ಸಾಪ್ ಪಟ್ಟಿ ಮಾಡಿ. ರಾತ್ರಿ 8ರೊಳಗೆ "ನಾಳೆ ಏನು ಬೇಕು" ಅಂತ ತಿಳಿಸಲಿ. ಬರೆಯಲು ಬರದಿದ್ದರೆ ಮಾತಿನಲ್ಲೇ ಕಳಿಸಬಹುದು. ಮನೆಯ ಓದುವ ಮಕ್ಕಳು ಸಹಾಯ ಮಾಡಲಿ. ಕ್ಯೂಆರ್ ಕೋಡ್ ಇಟ್ಟುಕೊಳ್ಳಿ. 2025ರ ಜುಲೈನಲ್ಲಿ ಸಣ್ಣ ಅಂಗಡಿಗಳಿಗೆ ತೆರಿಗೆ ನೋಟಿಸ್ ಬಂದಾಗ ಹಲವರು ಹೆದರಿ ಕೋಡ್ ತೆಗೆದುಬಿಟ್ಟರು. ತಾಜಾ ಹೂವಿಗೆ ಜಿ.ಎಸ್.ಟಿ. ಇಲ್ಲ. ಅದನ್ನು ಮಾತ್ರ ಮಾರುವವರು ಹೆದರಬೇಕಾಗಿಲ್ಲ, ಖರೀದಿ ಚೀಟಿಗಳನ್ನು ಜೋಪಾನ ಮಾಡಿದರೆ ಆಯಿತು.

6. ದೊಡ್ಡ ಆರ್ಡರು ಹಿಡಿಯಿರಿ. ಮದುವೆ ಛತ್ರ, ದೇವಸ್ಥಾನ, ಶಾಲೆ, ಚರ್ಚು ಇವೆಲ್ಲ ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ, ಹತ್ತು ಜನ ಕೂಡಿದರೆ ಆಗುತ್ತೆ. ನಿಮ್ಮ ಧರ್ಮಕೇಂದ್ರದ ಫಾದರ್ ಹತ್ತಿರ ಮಾತಾಡಿ: ಭಾನುವಾರದ ಪೀಠದ ಹೂ, ಸೆಪ್ಟೆಂಬರ್ 8ರ ಮಾತೆಯ ಹಬ್ಬ, ನವೆಂಬರ್ 2ರ ಮೃತರ ಸ್ಮರಣೆ, ಕ್ರಿಸ್ಮಸ್ ಇವಕ್ಕೆ ಸಂಘದಿಂದಲೇ ಹೂ ತೆಗೆದುಕೊಳ್ಳಲಿ. ಅದೇ ರೀತಿ ಗೌರಿ-ಗಣೇಶ, ಆಯುಧಪೂಜೆ, ಕಾರ್ತಿಕದ ಕಡೆ ಸೋಮವಾರದ ಕಡಲೆಕಾಯಿ ಪರಿಷೆ. ಹಬ್ಬ ಯಾರದೇ ಆಗಲಿ, ಹೂ ಎಲ್ಲರಿಗೂ ಬೇಕು. ವರ್ಷದ ಹಬ್ಬದ ಪಟ್ಟಿ ಬರೆದು ಸಭೆಯ ಗೋಡೆಗೆ ಅಂಟಿಸಿ.

ಕಂಪನಿಗೆ ಹೂ ಕಟ್ಟಿಕೊಡಬೇಕೇ?

ಕೆಲವು ಕಡೆ ಕಂಪನಿಯವರೇ ಬಂದು "ನೀವು ಕಟ್ಟಿಕೊಡಿ, ನಾವು ಮಾರುತ್ತೇವೆ" ಅನ್ನಬಹುದು. ಬೇಡ ಅಂತ ಹೇಳುತ್ತಿಲ್ಲ. ಖಾಲಿ ಕೂರುವ ಮಧ್ಯಾಹ್ನದ ಹೊತ್ತಿಗೆ ಅದೂ ಒಂದು ಆದಾಯ. ಆದರೆ ತಂತಿ ಹೂವಿನ ಕಥೆ ನೆನಪಿರಲಿ. ಒಪ್ಪುವ ಮೊದಲು ಐದು ಪ್ರಶ್ನೆ ಕೇಳಿ: ಮೊಳಕ್ಕೆ ಎಷ್ಟು, ಅದನ್ನು ಬರೆದು ಕೊಡುತ್ತೀರಾ? ಬಾಡಿದ ಹೂವಿನ ನಷ್ಟ ಯಾರದು? ಹಣ ಎಷ್ಟು ದಿನಕ್ಕೆ ಬರುತ್ತೆ? ನಮ್ಮ ಸ್ವಂತ ವರ್ತನೆಗೆ ಅಡ್ಡಿ ಇಲ್ಲ ತಾನೇ? ಹಬ್ಬದ ದಿನ ನಿಮ್ಮ ಕೆಲಸ ಬಿಡಬಹುದೇ? ಐದಕ್ಕೂ ಸರಿಯಾದ ಉತ್ತರ ಬಂದರೆ ಮಾಡಿ. ವರ್ತನೆ ಮನೆಗಳ ಪಟ್ಟಿಯನ್ನು ಮಾತ್ರ ಯಾರಿಗೂ ಕೊಡಬೇಡಿ.

ಬಡ್ಡಿಯ ಕುಣಿಕೆ

ಬೆಳಿಗ್ಗೆ 900 ಕೊಟ್ಟು ಸಂಜೆ 1,000 ವಾಪಸು ತಗೊಳ್ಳುವ ಸಾಲ ನಿಮಗೆಲ್ಲ ಗೊತ್ತು. ದಿನಕ್ಕೆ 100 ಏನು ಮಹಾ ಅನ್ನಿಸುತ್ತೆ. ತಿಂಗಳಿಗೆ ಲೆಕ್ಕ ಹಾಕಿ: 900 ರೂಪಾಯಿ ಬಂಡವಾಳಕ್ಕೆ 3,000 ರೂಪಾಯಿ ಬಡ್ಡಿ! ಯಾವ ಕಂಪನಿಯೂ ನಮ್ಮಿಂದ ಇಷ್ಟು ಕಿತ್ತುಕೊಳ್ಳುವುದಿಲ್ಲ. ಆಪ್‌ನವರ ಬೆಲೆಗೆ ನಮ್ಮಿಂದ ಕೊಡಲು ಆಗದಿರುವುದಕ್ಕೆ ಇದೂ ಒಂದು ಕಾರಣ. ಸಂಘದ ಉಳಿತಾಯದಿಂದ ಹೂವಿನವರಿಗೆ ಅಂತ ಒಂದು ಸಣ್ಣ ಆವರ್ತ ನಿಧಿ ತೆಗೆದಿಡಿ.

2020ರ ಜೂನ್‌ನಲ್ಲಿ ಶುರುವಾದ ಪಿ.ಎಂ. ಸ್ವನಿಧಿ ಯೋಜನೆಯೂ ಇದೆ. 2025ರ ಆಗಸ್ಟ್‌ನಲ್ಲಿ ಇದನ್ನು 2030ರ ಮಾರ್ಚ್ 31ರವರೆಗೆ ವಿಸ್ತರಿಸಿದರು. ಬೀದಿ ವ್ಯಾಪಾರಿಗಳಿಗೆ ಅಡಮಾನ ಇಲ್ಲದೆ ಮೊದಲ ಸಲ 15,000, ಸರಿಯಾಗಿ ತೀರಿಸಿದರೆ ಮುಂದೆ 25,000, ಆಮೇಲೆ 50,000 ರೂಪಾಯಿವರೆಗೆ ಬ್ಯಾಂಕ್ ಸಾಲ ಸಿಗುತ್ತೆ. ವೇಳೆಗೆ ಕಟ್ಟಿದರೆ ಶೇ. 7 ಬಡ್ಡಿ ಸಹಾಯಧನ ಇದೆ.

ಕೂರುವ ಜಾಗ ನಮ್ಮ ಹಕ್ಕು

ಗಿರಾಕಿ ನಮ್ಮನ್ನು ಹುಡುಕಿಕೊಂಡು ಬರುವುದು ನಾವು ದಿನಾ ಕೂರುವ ಜಾಗಕ್ಕೆ. 2023ರಲ್ಲಿ ಗಾಂಧಿ ಬಜಾರ್ ರಸ್ತೆಯ ನವೀಕರಣ ನಡೆದಾಗ ನಮ್ಮ ಜಾಗ ಏನಾಗುತ್ತೋ ಅಂತ ವ್ಯಾಪಾರಿಗಳಿಗೆ ಆತಂಕ ಇತ್ತು. ಅದಕ್ಕೇ ಕಾನೂನು ತಿಳಿದಿರಬೇಕು. ಬೀದಿ ಬದಿ ವ್ಯಾಪಾರವೂ ಸಂವಿಧಾನ ಒಪ್ಪಿದ ಉದ್ಯೋಗವೇ, ಸರ್ಕಾರ ಅದಕ್ಕೆ ಸೂಕ್ತ ನಿಬಂಧನೆ ಹಾಕಬಹುದು ಎಂದು ಸುಪ್ರೀಂ ಕೋರ್ಟು 1989ರ ಸೋದನ್ ಸಿಂಗ್ ಪ್ರಕರಣದಲ್ಲಿ ಹೇಳಿತು. 2014ರಲ್ಲಿ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಬಂತು. ಅದರಲ್ಲಿ ನಮಗೆ ಮುಖ್ಯವಾದವು ಇಷ್ಟು:

- ಸಮೀಕ್ಷೆ ಮಾಡಿ ವ್ಯಾಪಾರದ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸಬಾರದು.
- ಜಾಗ ಬದಲಿಸಬೇಕಾದರೆ 30 ದಿನ ಮೊದಲು ನೋಟಿಸ್ ಕೊಡಬೇಕು.
- ಮಾಲು ಜಪ್ತಿ ಮಾಡಿದರೆ ಪಟ್ಟಿ ಬರೆದು ಕೊಡಬೇಕು. ಹೂವಿನಂಥ ಕೆಡುವ ಮಾಲನ್ನು, ನಾವು ಕೇಳಿದ ದಿನವೇ ಬಿಡಬೇಕು.
- 50 ವರ್ಷಕ್ಕೂ ಮೇಲ್ಪಟ್ಟು ವ್ಯಾಪಾರ ನಡೆದ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿನ ವ್ಯಾಪಾರಿಗಳನ್ನು ಬೇರೆಡೆ ಕಳಿಸಬಾರದು.
- ಪ್ರಮಾಣಪತ್ರ ಇದ್ದವರು ತೀರಿಕೊಂಡರೆ ಅದರ ಅವಧಿ ಮುಗಿಯುವ ತನಕ ಗಂಡ, ಹೆಂಡತಿ ಅಥವಾ ಅವಲಂಬಿತ ಮಕ್ಕಳು ಅದೇ ಜಾಗದಲ್ಲಿ ವ್ಯಾಪಾರ ಮುಂದುವರಿಸಬಹುದು.
- ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಮಹಿಳೆಯರು.

2025ರ ಸೆಪ್ಟೆಂಬರಿನಲ್ಲಿ ಬಿ.ಬಿ.ಎಂ.ಪಿ. ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳು ಬಂದಿವೆ. ನಿಮ್ಮ ಜಾಗ ಯಾವ ಪಾಲಿಕೆಗೆ ಸೇರಿದೆ ಎಂದು ವಿಚಾರಿಸಿ. ಗುರುತಿನ ಚೀಟಿ, ಪ್ರಮಾಣಪತ್ರದ ಜೆರಾಕ್ಸ್ ಸಂಘದ ಪೆಟ್ಟಿಗೆಯಲ್ಲೂ ಒಂದು ಪ್ರತಿ ಇರಲಿ.

ಮುಂದಿನ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಹೂವಿನವರು ಎಷ್ಟು ಜನ? ಎಲ್ಲರೂ ಸೇರಿ ಎಷ್ಟು ವರ್ತನೆ ಮನೆ ಇವೆ? ಕಳೆದ ವರ್ಷ ಎಷ್ಟು ಬಿಟ್ಟು ಹೋದವು, ಯಾಕೆ?
2. ಒಂದು ಕಿಲೋ ಬಿಡಿ ಹೂವಿಗೆ ಎಷ್ಟು ಮೊಳ ಬರುತ್ತೆ? ಒಂದು ವಾರ ಅಳೆದು ಬರೆದು ತನ್ನಿ.
3. ದಿನಾ ಎಷ್ಟು ಹೂ ಉಳಿಯುತ್ತೆ? ಅದರ ಬೆಲೆ ಎಷ್ಟು?
4. ದಿನದ ಬಡ್ಡಿ ಸಾಲ ಯಾರ ಯಾರ ಮೇಲೆ ಇದೆ? ಮೊದಲು ಯಾರನ್ನು ಬಿಡಿಸೋಣ?
5. ಒಟ್ಟಿಗೆ ಮಾರ್ಕೆಟ್ಟಿಗೆ ಹೋಗಲು ಮೊದಲ ವಾರದ ಸರದಿ ಯಾರದು?

ಐದನೇ ಪ್ರಶ್ನೆಗೆ ಹೆಸರು ಬರೆಯದೆ ಸಭೆ ಮುಗಿಸಬೇಡಿ. ಬಿಟ್ಟು ಹೋದ ಮನೆಗಳಿಗೂ ಇಬ್ಬಿಬ್ಬರಾಗಿ ಹೋಗಿ ಕೇಳಿ: "ಅಮ್ಮಾ, ಇನ್ಮೇಲೆ ಒಂದೇ ಬೆಲೆ, ದಿನಾ ತಪ್ಪದೆ ಬರ್ತೀವಿ. ನನಗೆ ಹುಷಾರಿಲ್ಲದಿದ್ರೆ ಇವರು ಬರ್ತಾರೆ." ಹತ್ತು ಮನೆಯಲ್ಲಿ ನಾಲ್ಕು ಮನೆ ವಾಪಸು ಬಂದರೂ ಅದು ಸಂಘದ ಗೆಲುವೇ.